ಜ್ವರದ ಮಂಕು ನಾಟಕವಲ್ಲ

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಎರಡು ದಿನದಿಂದ ವೈರಲ್ ಜ್ವರ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ, ಊಟ ಬೇಡ ಅನ್ನುತ್ತಾಳೆ. ಪಕ್ಕದ ಮನೆಯ ಗೆಳತಿ ಬಂದರೆ ಮಾತ್ರ ಎದ್ದು ಹತ್ತು ನಿಮಿಷ ಆಡುತ್ತಾಳೆ. ಇದು ನಾಟಕವೇ? ಅತ್ತೆಯವರು ಹೇಳುವಂತೆ ಬಲವಂತವಾಗಿ ಉಣ್ಣಿಸಬೇಕೇ?
— ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಮಗುವನ್ನು ಗದರಿಸಬೇಡಿ, ಅದು ನಾಟಕವಲ್ಲ. ಸೋಂಕು ತಗುಲಿದ ಕೂಡಲೇ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-1ರಂಥ ಸೈಟೊಕೈನ್‌ಗಳನ್ನು, ಅಂದರೆ ಸುದ್ದಿ ಮುಟ್ಟಿಸುವ ಪ್ರೋಟೀನ್‌ಗಳನ್ನು, ಬಿಡುತ್ತವೆ. ಈ ಸುದ್ದಿ ಎದೆ, ಹೊಟ್ಟೆಯನ್ನು ಮಿದುಳಿಗೆ ಜೋಡಿಸುವ ವೇಗಸ್ ನರದ ಮೂಲಕವೂ ರಕ್ತದ ಮೂಲಕವೂ ಮಿದುಳಿಗೆ ಮುಟ್ಟುತ್ತದೆ. ಮಿದುಳಿನ ರಕ್ತನಾಳಗಳ ಒಳಗೋಡೆಯಲ್ಲಿ ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ತಯಾರಾಗಿ, ಮೈಬಿಸಿ ನಿಯಂತ್ರಿಸುವ ಮಿದುಳಿನ ಭಾಗವಾದ ಹೈಪೋಥಲಾಮಸ್‌ನಲ್ಲಿ ಮೈಬಿಸಿಯ ಮಟ್ಟವನ್ನೇ ಏರಿಸಿಬಿಡುತ್ತದೆ. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕೂಡ ಸೈಟೊಕೈನ್ ಮಾಡತೊಡಗುತ್ತವೆ. ಹಸಿವು, ಆಟ, ಮಾತು ಹಿಂದೆ ಸರಿಯುವುದು ಹೀಗೆ: ಮೈಯಲ್ಲಿರುವ ಶಕ್ತಿ ಸೋಂಕಿನ ವಿರುದ್ಧ ಖರ್ಚಾಗಲಿ ಎಂದು.

ಗೆಳತಿ ಬಂದಾಗ ಏಳುವುದೇಕೆ? 1997ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಮರಿ ಹಾಕಿದ ತಾಯಿ ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷಾಂಶ ಚುಚ್ಚಿದರು. ಕೋಣೆ ಬೆಚ್ಚಗಿದ್ದಾಗ ಅವು ಗೂಡು ಕಟ್ಟುವ ಗೋಜಿಗೆ ಹೋಗಲಿಲ್ಲ. 6 ಡಿಗ್ರಿ ಚಳಿಯಲ್ಲಿ, ಮರಿಗಳ ಜೀವಕ್ಕೆ ಕುತ್ತು ಬಂದಾಗ, ಅದೇ ಕಾಯಿಲೆಯಲ್ಲೇ ಗೂಡು ಕಟ್ಟಿದವು. ಅಂದರೆ ಕೈಕಾಲಿನ ಬಲ ಹೋಗಿರುವುದಿಲ್ಲ. ಯಾವುದು ಮುಖ್ಯ ಎಂದು ಮಿದುಳು ತೂಗಿ ನೋಡುತ್ತಿರುತ್ತದೆ. ಜ್ವರವಿದ್ದರೂ ಅಡುಗೆಮನೆಗೆ ಎದ್ದು ಹೋಗುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಲವಂತದ ಊಟ ಬೇಡ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿದ್ದ ಇಲಿಗಳಿಗೆ ಕೊಳವೆಯಿಂದ ಉಣಿಸಿದಾಗ ಸಾವು ಹೆಚ್ಚಿತೆಂದು 1979ರಲ್ಲೇ ವರದಿಯಾಗಿದೆ. ಹಾಗೆಂದು ಉಪವಾಸವನ್ನೂ ಹಾಕಬೇಡಿ: ಇನ್‌ಫ್ಲುಯೆಂಜಾ ತಗುಲಿದ ಇಲಿಗಳಿಗೆ ಗ್ಲೂಕೋಸ್ ಸಿಕ್ಕಿದ್ದೇ ಆಸರೆಯಾಯಿತು. ಕೇಳಿದಷ್ಟು ತಿಳಿ ಗಂಜಿ, ಗುಟುಕು ಗುಟುಕಾಗಿ ನೀರು ಸಾಕು. ವಾಂತಿ ಭೇದಿ ಇದ್ದರೆ ಒಂದು ದೊಡ್ಡ ಪ್ಯಾಕೆಟ್ ಓಆರ್‌ಎಸ್ ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ. ಅರ್ಧ ಲೀಟರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆ. ಪ್ಯಾರಸಿಟಮಾಲ್ ಕೆಜಿಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. 24 ಕೆಜಿ ಮಗುವಿಗೆ 5 ಮಿಲಿಯಲ್ಲಿ 250 ಮಿಲಿಗ್ರಾಂ ಇರುವ ಸಿರಪ್ ಆದರೆ 5 ಮಿಲಿ. ಎಡವಟ್ಟಾಗುವುದು ಇಲ್ಲೇ: 125ರ ಬಾಟಲಿಯೂ ನೋಡಲು ಹಾಗೇ ಇರುತ್ತದೆ, ಲೇಬಲ್ ಓದಿ. ಡೆಂಗಿ ಶಂಕೆಯಿದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ. ಎಬ್ಬಿಸಿದರೂ ಏಳದ ಮಂಪರು, ಕತ್ತು ಬಿಗಿತ, ಫಿಟ್ಸ್, ಎಂಟು ಗಂಟೆ ಮೂತ್ರ ಬಾರದಿರುವುದು, ಇವು ಮಂಕಲ್ಲ. ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ತಂದೆಯವರು ಸಂಧಿವಾತಕ್ಕೆ ಎರಡು ವರ್ಷದಿಂದ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ‘ಸ್ಟಿರಾಯ್ಡ್ ನಿರೋಧಕ ಶಕ್ತಿ ಕುಗ್ಗಿಸುತ್ತದೆ’ ಎಂದು ಜ್ವರ ಬಂದಾಗ ನಿಲ್ಲಿಸಿದರು. ಮೂರನೇ ದಿನ ತಲೆಸುತ್ತು, ವಾಂತಿ, ಬಿಪಿ ಇಳಿಯಿತು. ಯಾಕೆ ಹೀಗಾಯಿತು?
— ಓದುಗರು, ಗದಗ

ಉತ್ತರ: ನಿಲ್ಲಿಸಬಾರದ ಹೊತ್ತಿನಲ್ಲೇ ನಿಲ್ಲಿಸಿದ್ದಾರೆ. ಮೇಲೆ ಹೇಳಿದ ಇಂಟರ್‌ಲ್ಯೂಕಿನ್-1 ಒತ್ತಡದ ಹಾರ್ಮೋನನ್ನೂ ಏರಿಸುತ್ತದೆ: ಹೈಪೋಥಲಾಮಸ್ ಸಂಕೇತದ ಹಾರ್ಮೋನಾದ ಸಿಆರ್‌ಎಚ್ ಬಿಡುತ್ತದೆ, ಅದರಂತೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನ್ ಬಿಡುತ್ತದೆ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಕಾರ್ಟಿಸಾಲ್ ಬಿಪಿ ಕುಸಿಯದಂತೆ ಹಿಡಿಯುತ್ತದೆ, ಸಕ್ಕರೆ ಒದಗಿಸುತ್ತದೆ, ಸೈಟೊಕೈನ್‌ಗಳ ಅಬ್ಬರಕ್ಕೆ ಕಡಿವಾಣ ಹಾಕುತ್ತದೆ. ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದವರಲ್ಲಿ ಮಾತ್ರೆಯೇ ಕಾರ್ಟಿಸಾಲ್ ಕೆಲಸ ಮಾಡುವುದರಿಂದ ಮಿದುಳಿನಿಂದ ಬರುವ ಸಂಕೇತ ನಿಂತು ಅಡ್ರಿನಲ್ ಸೊರಗಿರುತ್ತದೆ. ಜ್ವರ ಕೇಳುತ್ತದೆ, ಗ್ರಂಥಿ ಕೊಡಲಾರದು.

ಜ್ವರದಲ್ಲಿ ಪ್ರೆಡ್ನಿಸೊಲೋನ್ ಮುಂದುವರಿಸಲೇಬೇಕು. ದಿನಕ್ಕೆ 10 ಮಿಲಿಗ್ರಾಂ ಸಾಧಾರಣ ಜ್ವರಕ್ಕೆ ಸಾಮಾನ್ಯವಾಗಿ ಸಾಲುತ್ತದೆ. ಅದಕ್ಕಿಂತ ಕಡಿಮೆ ತೆಗೆದುಕೊಳ್ಳುವವರು ಎಷ್ಟು ಹೆಚ್ಚಿಸಬೇಕೆಂದು ಡಾಕ್ಟರಿಂದ ಮೊದಲೇ ಬರೆಸಿಕೊಂಡಿರಬೇಕು. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ಕೊಡಿ. ಅದೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ. ಅಲ್ಲಿ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ (ಕಾರ್ಟಿಸಾಲ್‌ನದೇ ಔಷಧರೂಪ) ಇಂಜೆಕ್ಷನ್, ಸಲೈನ್ ಬೇಕಾಗುತ್ತದೆ. ತುರ್ತು ವಿಭಾಗದಲ್ಲಿ ಬಾಯಿಬಿಟ್ಟ ಕೂಡಲೇ ಹೇಳಬೇಕಾದದ್ದು ಜ್ವರದ ವಿಷಯವಲ್ಲ, ‘ಎರಡು ವರ್ಷದಿಂದ ಸ್ಟಿರಾಯ್ಡ್ ಮೇಲಿದ್ದಾರೆ’ ಎಂಬುದು. ಮಾತ್ರೆಯ ಹೆಸರು, ಪ್ರಮಾಣ ಬರೆದ ಚೀಟಿಯೊಂದನ್ನು ಅವರ ಅಂಗಿಯ ಜೇಬಿನಲ್ಲೇ ಇಡಿ.