ಪ್ರತಿಕ್ರಿಯೆ: ಜೆರಾಲ್ಡ್ಟನ್ ವ್ಯಾಕ್ಸ್ ಗಿಡ ಒಣಗುತ್ತಿರುವುದು

ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲಿ ನೆಟ್ಟ ಜೆರಾಲ್ಡ್ಟನ್ ವ್ಯಾಕ್ಸ್‌ಗೆ ದಿನವೂ ನೀರು ಹಾಕಿದರೂ ಎಲೆ ಹಳದಿಯಾಗಿ ತುದಿ ಒಣಗುತ್ತಿದೆ ಅಂದಿದ್ದೀರಿ. ನನ್ನ ಅನುಮಾನ ಆ ನೀರಿನ ಮೇಲೆಯೇ. ಮೊದಲು ಅದನ್ನು ನಿಲ್ಲಿಸಿ.

ಇದು ಕ್ಯಾಮೆಲಾಸಿಯಮ್ ಕುಲದ ಗಿಡ, ನಮ್ಮ ನೇರಳೆ, ಸೀಬೆಯ ಕುಟುಂಬದ್ದೇ. ಆದರೆ ಸ್ವಭಾವ ಪೂರ್ತಿ ಬೇರೆ. ಈ ಕುಲ ಇರುವುದೇ ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲಿ. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಒಣ. ನಿಮ್ಮ ಗಿಡ ಮೂಲತಃ ಪರ್ತ್‌ನ ಉತ್ತರಕ್ಕೆ ಕರಾವಳಿಯ ಮರಳಿನಲ್ಲಿ ಬೆಳೆಯುವಂಥದ್ದು. ನೀರು ಸುರಿದ ತಕ್ಷಣ ಇಳಿದುಹೋಗುವ ನೆಲ ಅದು. ನಿಮ್ಮ ಕಡೆಯದು ಅಂಟು ಜೇಡಿ, ಅಲ್ವಾ? ಅದರಲ್ಲಿ ನೀರು ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ, ಶಿಲೀಂಧ್ರ ಹತ್ತಿ ಕೊಳೆಯುತ್ತದೆ. ಬೇರು ಕೊಳೆತ ಗಿಡ ಬಾಯಾರಿದಂತೆಯೇ ಕಾಣುತ್ತದೆ. ಜನ ಮತ್ತೆ ನೀರು ಹಾಕುತ್ತಾರೆ!

ಗಿಡದ ಪಕ್ಕ ಬೆರಳು ಆಳಕ್ಕೆ ತೂರಿಸಿ ನೋಡಿ. ತಣ್ಣಗೆ ಅಂಟಿದರೆ ಉತ್ತರ ಸಿಕ್ಕ ಹಾಗೆ. ಕಿತ್ತು ಬೇರೆಡೆ ನೆಡಲು ಹೋಗಬೇಡಿ, ಬೇರು ಅಲುಗಿದರೆ ಇದು ಸಹಿಸುವುದಿಲ್ಲ. ಗೊಬ್ಬರವೂ ಈಗ ಬೇಡ. ಹಳೆಯ ಬರಿ ಕೊಂಬೆಗೆ ಕತ್ತರಿ ಹಾಕಬೇಡಿ, ಸಾಮಾನ್ಯವಾಗಿ ಅಲ್ಲಿಂದ ಚಿಗುರುವುದಿಲ್ಲ. ಹೂ ಮುಗಿದ ಮೇಲೆ ಎಳೆ ತುದಿಗಳನ್ನಷ್ಟೇ ಸವರಿ.

ಉಳಿಯದಿದ್ದರೆ ಇನ್ನೊಂದು ತನ್ನಿ, ಸುಮ್ನೆ ಬಿಡಬೇಡಿ. ಮೇಣದಲ್ಲಿ ಅಚ್ಚು ಹೊಯ್ದಂಥ ಆ ಐದು ಎಸಳು, ಎಲೆ ತಿಕ್ಕಿದರೆ ಬರುವ ನಿಂಬೆ ವಾಸನೆ, ಹೂದಾನಿಯಲ್ಲಿ ಜಾಸ್ತಿ ದಿನ ಬಾಳುವ ಗುಣ, ಇಷ್ಟಕ್ಕಾದರೂ ಬೇಕು. ಈ ಸಲ ಜಲ್ಲಿ ಬೆರೆಸಿ ಎತ್ತರದ ದಿಬ್ಬ ಮಾಡಿ, ಪೂರ್ತಿ ಬಿಸಿಲಿನಲ್ಲಿ, ಕಸಿ ಮಾಡಿದ ಗಿಡವನ್ನೇ ಕೇಳಿ ತಂದು ನೆಡಿ.