ಮ್ಯೂಟ್ ಆಗಿದ್ದು ಮೈಕ್ ಮಾತ್ರ, ಮೇಡಂ

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ವಯಸ್ಸು 53. ಹತ್ತನೇ ತರಗತಿಗೆ ಸಂಜೆ ಹೊತ್ತು ಆನ್‌ಲೈನ್ ಪಾಠ ಮಾಡಬೇಕು ಅಂತ ಶಾಲೆಯಲ್ಲಿ ತೀರ್ಮಾನವಾಯಿತು. ಮೂರನೇ ದಿನ ಇಪ್ಪತ್ತು ನಿಮಿಷ ಮೈಕ್ ಮ್ಯೂಟ್ ಆಗಿಯೇ ಪಾಠ ಮಾಡಿದ್ದೇನೆ. 'ಮಿಸ್, ಕೇಳಿಸ್ತಿಲ್ಲ' ಅಂತ ಮಕ್ಕಳು ಬರೆದಿದ್ದು ಆಮೇಲೆ ಕಂಡಿತು. ಮಾರನೇ ದಿನ ತರಗತಿಯಲ್ಲಿ ಅದೇ ನಗು. ಅವತ್ತಿಂದ ನೆಟ್‌ವರ್ಕ್ ಇಲ್ಲ ಅಂತ ಹೆಡ್‌ಮಾಸ್ಟರಿಗೆ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದ ಊರಿಗೇ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಯೋಜನೆಯ ಸಮಯದಲ್ಲಿ ಊರೂರಿನ ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದವಳು ನಾನು. ಈಗ ಕೆಲಸ ಬಿಟ್ಟುಬಿಡೋಣ ಅನ್ನಿಸುತ್ತಿದೆ.

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಜಗಲಿಯ ಮಾತು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾದಾಗ ಜಗಲಿ ಮೇಲೆ ಪಾಠ ಮಾಡೋದು ಹೇಗೆ ಅಂತ ಯಾರಿಗೆ ಗೊತ್ತಿತ್ತು? ಕರಿಹಲಗೆ ಇರಲಿಲ್ಲ, ಬೆಲ್ ಇರಲಿಲ್ಲ, ಪಕ್ಕದಲ್ಲೇ ಟ್ರ್ಯಾಕ್ಟರ್ ಸದ್ದು. ಅಕ್ಟೋಬರ್‌ನಲ್ಲಿ ಅದು ನಿಲ್ಲುವ ತನಕ ನೀವು ದಿನಾ ಒಂದೊಂದು ಕಲಿತುಕೊಂಡೇ ಪಾಠ ಮಾಡಿದಿರಿ. ಆಗ ನಿಮಗೆ ನಾಚಿಕೆ ಆಗಲಿಲ್ಲ. ಯಾಕೆಂದರೆ ಅದೆಲ್ಲ ನಿಮಗೆ ಮೊದಲೇ ಗೊತ್ತಿರಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ, ನೀವೂ ಅಂದುಕೊಂಡಿರಲಿಲ್ಲ. ಈಗ ನಿಮ್ಮನ್ನು ಸುಡುತ್ತಿರೋದು ಆ ಮ್ಯೂಟ್ ಬಟನ್ ಅಲ್ಲ, ಗೊತ್ತಿಲ್ಲ ಅನ್ನೋದನ್ನು ಮುಚ್ಚಿಡಬೇಕು ಅನ್ನುವ ಆತಂಕ.

ನಾನೂ ಅದೇ ವರ್ಷ ಮೈಸೂರಿನ ನಮ್ಮ ಮನೆಯಲ್ಲಿ ಕೂತು ಬಿ.ಇಡಿ. ವಿದ್ಯಾರ್ಥಿಗಳಿಗೆ ಪಾಠ ಮಾಡಿದೆ. ಕ್ಯಾಮೆರಾ ಆರಿಸಿ ಕೂತವರ ಕಪ್ಪು ಚೌಕಗಳ ಜೊತೆ ನಾಲ್ಕು ದಿನ ಮಾತಾಡಿ ಐದನೇ ದಿನ ಅತ್ತುಬಿಟ್ಟೆ. ನಮಗೆ ಪಾಠ ಅಂದರೆ ಮುಖ ನೋಡುತ್ತಾ ಹೇಳೋದು ಅಲ್ವಾ? ಹಿಂದಿನ ಬೆಂಚಿನ ಹುಡುಗ ಹುಬ್ಬು ಗಂಟು ಹಾಕಿದರೆ ಸಾಕು, ಕೈ ತಾನಾಗಿ ಇನ್ನೊಂದು ಉದಾಹರಣೆಗೆ ಹೋಗುತ್ತೆ. ಆನ್‌ಲೈನ್‌ನಲ್ಲಿ ಆ ಹುಬ್ಬು ಕಾಣಲ್ಲ. ಹಾಗಂತ ಕ್ಯಾಮೆರಾ ಹಾಕಿ ಅಂತ ಮಕ್ಕಳನ್ನು ಬಲವಂತ ಮಾಡಬೇಡಿ. ಮನೆಗೆ ಇರುವುದೇ ಒಂದು ಫೋನು, ಅದನ್ನು ಅಪ್ಪ ಗದ್ದೆಯಿಂದ ತಂದ ಮೇಲೆ ಮಗಳ ಕೈಗೆ ಸಿಗೋದು, ಡೇಟಾನೂ ಅಷ್ಟರಲ್ಲೇ ಮುಗಿಯೋ ಹೊತ್ತು. ಮುಖದ ಬದಲು ಅವರಿಂದ ಉತ್ತರ ಪಡೆಯಿರಿ.

ಹೇಗೆ ಅಂದರೆ, ವಿದ್ಯುಚ್ಛಕ್ತಿ ಪಾಠವನ್ನೇ ತಗೊಳ್ಳಿ. ಒಂದು ಬ್ಯಾಟರಿ, ಒಂದು ಬಲ್ಬ್. ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಮೊದಲನೆಯದು ಮಂಕಾಗುತ್ತಾ, ಹಾಗೇ ಇರುತ್ತಾ? ಮಂಕಾದರೆ 1, ಹಾಗೇ ಇದ್ದರೆ 2 ಅಂತ ಚಾಟ್‌ನಲ್ಲಿ ಒತ್ತಲು ಹೇಳಿ, ಆಮೇಲೆ ಸುಮ್ನೆ ಕಾಯಿರಿ. ಹಳ್ಳಿಯ ನೆಟ್‌ವರ್ಕ್‌ಗೆ ಟೈಮ್ ಬೇಕು, ಮಗು ಯೋಚನೆ ಮಾಡೋದಕ್ಕೂ ಬೇಕು, ಆ ಮೌನಕ್ಕೆ ಹೆದರಿ ನೀವೇ ಉತ್ತರ ಹೇಳಿಬಿಡಬೇಡಿ. ಎಲ್ಲರೂ ಒತ್ತಿದ ಮೇಲೆ ಫೆಟ್‌ನಲ್ಲಿ (PhET) ತೋರಿಸಿ, ಅದು ಪರದೆ ಮೇಲೇ ವಿಜ್ಞಾನದ ಪ್ರಯೋಗ ಮಾಡಿ ನೋಡುವ ವೆಬ್‌ಸೈಟ್. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2002ರಲ್ಲಿ ಶುರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ತಂತಿ ಎಳೆದು ಬಲ್ಬ್ ಸೇರಿಸಿದರೆ ಬೆಳಕು ಕಮ್ಮಿ ಆಗೋದು ಕಣ್ಣಿಗೇ ಕಾಣುತ್ತೆ. ಅದನ್ನೇ ಸಮಾಂತರವಾಗಿ ಜೋಡಿಸಿ ಮತ್ತೆ ಕೇಳಿ. ಯಾರೆಲ್ಲ ತಪ್ಪು ಒತ್ತಿದರು ಅಂತ ನೋಡಿದಾಗ ನಿಮಗೆ ಆ ಹುಬ್ಬುಗಳು ಮತ್ತೆ ಸಿಗುತ್ತವೆ. ನನಗೆ ಸಿಕ್ಕಿದ್ದು ಹೀಗೆ, ಆ ದಿನದ ಖುಷಿ ಇನ್ನೂ ಇದೆ.

ಪಾಠದ ಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು 2017ರಲ್ಲಿ ಬಂದ, ಶಾಲಾ ಪಾಠಗಳಿರುವ ಕೇಂದ್ರ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿ, ಎಲ್ಲವನ್ನೂ ನೀವೇ ತಯಾರು ಮಾಡಬೇಕಿಲ್ಲ. ಕನ್ನಡ ಟೈಪಿಂಗ್ ಕಷ್ಟ ಆದರೆ ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತೆ. ಲೈವ್ ಪಾಠಕ್ಕೆ ಬರೋಕಾಗದ ಮಕ್ಕಳಿಗೆ ವಾಟ್ಸ್ಆ್ಯಪ್‌ನಲ್ಲಿ ಐದಾರು ನಿಮಿಷದ ಧ್ವನಿ ಸಂದೇಶ ಹಾಕಿ, ವಿಡಿಯೊಗಿಂತ ತುಂಬಾ ಹಗುರ.

ಇನ್ನು ಆ ಮೈಕ್ ವಿಷಯ. ಆ ಮಕ್ಕಳು ನಿಮಗೆ ಹೇಳಿದ್ದರು ಮೇಡಂ, 'ಮಿಸ್, ಕೇಳಿಸ್ತಿಲ್ಲ' ಅಂತ. ಪಾಠ ಬೇಡ ಅನ್ನೋ ಮಕ್ಕಳು ಅದನ್ನು ಬರೆಯಲ್ಲ, ಇಪ್ಪತ್ತು ನಿಮಿಷ ಕಾಯೋದೂ ಇಲ್ಲ. ಮನೆಯ ಇನ್ನೊಂದು ಫೋನಿಂದ ನೀವೇ ವಿದ್ಯಾರ್ಥಿ ಥರ ಒಳಗೆ ಬನ್ನಿ, ಅದರ ಮೈಕು ಸದ್ದು ಎರಡೂ ಆರಿಸಿ ಪಕ್ಕದಲ್ಲಿಡಿ, ಅವರಿಗೇನು ಕಾಣುತ್ತಿದೆ, ಏನು ಬರೆಯುತ್ತಿದ್ದಾರೆ ಅನ್ನೋದು ನಿಮಗೂ ಕಾಣುತ್ತೆ. ಜಾಸ್ತಿ ನಕ್ಕ ಹುಡುಗನನ್ನೇ ಕರೆದು, 'ನನ್ನ ದನಿ ನಿಂತರೆ ಮೈಕ್ ಹಾಕಿ ಜೋರಾಗಿ ಹೇಳೋದು ನಿನ್ನ ಕೆಲಸ' ಅನ್ನಿ. ಖಂಡಿತ ಮಾಡ್ತಾನೆ.

ಸೋಮವಾರ ಪ್ರಾರ್ಥನೆಗೆ ಮುಂಚೆ ಹೆಡ್‌ಮಾಸ್ಟರ್ ಹತ್ತಿರ ಹೋಗಿ. ನೆಟ್‌ವರ್ಕ್ ಇತ್ತು ಸರ್, ನನಗೆ ಭಯ ಆಗಿತ್ತು ಅಂತ ಹೇಳಿ. ಸಂಜೆ ಹೊತ್ತು ಜೊತೆಗೆ ಕೂತು ಹೇಳಿಕೊಡೋದಕ್ಕೆ ಕಿರಿಯ ಸಹೋದ್ಯೋಗಿ ಒಬ್ಬರನ್ನು ಒಂದು ವಾರ ಕೇಳಿ, ಆದರೆ ಬಟನ್ ಒತ್ತೋದು ನಿಮ್ಮ ಬೆರಳೇ ಆಗಿರಲಿ. ಕೆಲಸ ಬಿಡುವ ಮಾತನ್ನು ಈ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯೋ ತನಕ ಎತ್ತಲೇಬೇಡಿ. ಎರಡು ಬಲ್ಬಿನ ಪ್ರಶ್ನೆಗೆ ಎಷ್ಟು ಜನ 2 ಒತ್ತಿದರು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.