ಎತ್ತರಿಸುವ ಮುನ್ನ ಕಮಾನು ಪಟ್ಟಿ ಬಿಚ್ಚಿ ನೋಡಿ: ಹಳೆಯ ಜೀಪುಗಳ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಕಾಫಿ ತೋಟವಿದೆ. ತಂದೆಯವರು 1991ರಲ್ಲಿ ಕೊಂಡ ಮಹೀಂದ್ರ ಎಂಎಂ 540 ಜೀಪು ಇನ್ನೂ ಓಡುತ್ತಿದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಟೈರು 6.00-16. ತೋಟಗಳಲ್ಲಿ ನಡೆಯುವ ಆಫ್‌ರೋಡ್ ಕೂಟಗಳಿಗೆ ಹೋಗಬೇಕೆಂಬ ಆಸೆ. ನಾಲ್ಕು ಇಂಚು ಎತ್ತರಿಸಿ, 31 ಇಂಚಿನ ಟೈರು ಹಾಕಿಕೊಡುತ್ತೇವೆಂದು ಗ್ಯಾರೇಜಿನವರು ಹೇಳುತ್ತಾರೆ. ಮಾಡಿಸಬಹುದೇ?

ಉತ್ತರ: ಮಾಡಿಸಬೇಡಿ. ಮೂವತ್ತು ಮಳೆಗಾಲ ಕಂಡ ಗಾಡಿಗೆ ಮೊದಲು ಬೇಕಾದದ್ದು ರಿಪೇರಿ. ಅದು ಮುಗಿದ ಮೇಲೆ ಏನಾದರೂ ಕೊರತೆ ಕಂಡರೆ ಆಗ ಮಾರ್ಪಾಡಿನ ಮಾತು ಆಡಬಹುದು.

ಎತ್ತರದ ಲೆಕ್ಕವನ್ನೇ ನೋಡೋಣ. ಜೀಪಿನ ಹೊಟ್ಟೆಯಲ್ಲಿ ಅತಿ ತಗ್ಗಿನ ಜಾಗವೆಂದರೆ ಎಡ ಬಲ ಚಕ್ರಗಳನ್ನು ಸೇರಿಸುವ ಆಕ್ಸಿಲ್‌ನ ನಡುವೆ ಗುಂಡಗೆ ಉಬ್ಬಿರುವ ಡಿಫರೆನ್ಷಿಯಲ್ ಹೌಸಿಂಗ್, ಅಂದರೆ ಆ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ (ಚಿಕ್ಕದಾಗಿ ಡಿಫ್) ಪೆಟ್ಟಿಗೆ. ದಾರಿಯ ನಡುದಿಬ್ಬಕ್ಕೋ ಕಲ್ಲಿಗೋ ತಗಲುವುದು ಅದೇ. ಗಾಡಿಯ ಭಾರ ಹೊರುವ, ಉಕ್ಕಿನ ಎಲೆಗಳನ್ನು ಪೇರಿಸಿದ ಕಮಾನು ಪಟ್ಟಿಯನ್ನು ನಾಲ್ಕು ಇಂಚು ಏರಿಸಿದರೆ ಗಾಡಿಯ ಚೌಕಟ್ಟಾದ ಚಾಸಿ ಮೇಲೇಳುತ್ತದೆ, ಆದರೆ ಡಿಫ್ ಒಂದು ಕೂದಲೆಳೆಯಷ್ಟೂ ಮೇಲೆ ಹೋಗುವುದಿಲ್ಲ. ಅದನ್ನು ಎತ್ತುವುದು ಟೈರು ಮಾತ್ರ, ಅದೂ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು. ನಿಮ್ಮ 6.00-16 ಟೈರಿನ ವ್ಯಾಸ ಸುಮಾರು 730 ಮಿಲಿಮೀಟರ್, 31 ಇಂಚಿನದು 787. ಅಂದರೆ ಇಷ್ಟೆಲ್ಲ ಖರ್ಚು ಮಾಡಿ ಡಿಫ್ ಏರುವುದು 28 ಮಿಲಿಮೀಟರಿನ ಆಸುಪಾಸು, ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು. ಅದಕ್ಕೆ ತೆರುವ ಬೆಲೆಯೇನೆಂದರೆ, ದೊಡ್ಡ ಟೈರು ಗೇರನ್ನು ಸುಮಾರು ಶೇಕಡ 8ರಷ್ಟು ಭಾರ ಮಾಡುತ್ತದೆ. ಪೂಜೋ ಪರವಾನಗಿಯಲ್ಲಿ ತಯಾರಾದ 2112 ಸಿಸಿಯ ನಿಮ್ಮ ಡೀಸೆಲ್ ಎಂಜಿನ್ನು ಮೊದಲೇ ಹೆಚ್ಚು ಬಲದ್ದಲ್ಲ. ಏರಿನಲ್ಲಿ ಕ್ಲಚ್ ಅರ್ಧ ಒತ್ತಿ ಎಳೆಯುವ ಅಭ್ಯಾಸ ಶುರುವಾಗುತ್ತದೆ, ಕ್ಲಚ್ ಪ್ಲೇಟ್ ಸುಡುತ್ತದೆ. ಇಳಿಜಾರಿನಲ್ಲಿ ಡ್ರಮ್ ಬ್ರೇಕಿಗೆ ಅದೇ ಹೊರೆ.

ಇನ್ನು ನಾಲ್ಕು ಇಂಚು ಎತ್ತರಿಸಿದ ಗಾಡಿಯ ಅಡಿಯಲ್ಲಿ ಒಮ್ಮೆ ಮಲಗಿ ನೋಡಬೇಕು. ಗಿಡ್ಡ ಗಾಡಿಯಾದ್ದರಿಂದ ಹಿಂದಿನ ಆಕ್ಸಿಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಿರುತ್ತದೆ. ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಆಕ್ಸಿಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೇರಿದ ಕೂಡಲೇ ಆ ಶಾಫ್ಟ್ ಕಡಿದಾಗಿ ಓರೆಯಾಗಿ, ಅದರ ತುದಿಯ ಜಾಯಿಂಟ್ ಕ್ರಾಸ್‌ಗಳು ತಿಂಗಳುಗಳಲ್ಲಿ ಸವೆಯುತ್ತವೆ. ಬ್ರೇಕ್ ಹೋಸ್ ಬಿಗಿದುಕೊಳ್ಳುತ್ತದೆ. ಸ್ಟಿಯರಿಂಗ್‌ನಿಂದ ಚಕ್ರವನ್ನು ತಿರುಗಿಸುವ ಸರಳು, ಡ್ರ್ಯಾಗ್ ಲಿಂಕ್, ಓರೆಯಾಗಿ, ಗುಂಡಿಗೆ ಬಿದ್ದಾಗಲೆಲ್ಲ ಚಕ್ರ ತಾನಾಗಿ ಒಂದು ಕಡೆಗೆ ತಿರುಗುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ತೋಟದ ಪಕ್ಕ ಇಳಿಜಾರಿನಲ್ಲಿ ಅಡ್ಡಲಾಗಿ ಹೋಗುವಾಗ ಎತ್ತರದ ಗಾಡಿ ಮಗುಚುವ ಸಂಭವ ಹೆಚ್ಚು.

ಅದರ ಬದಲು ಇಷ್ಟು ಮಾಡಿಸಿ. ನಾಲ್ಕೂ ಕಡೆಯ ಪಟ್ಟಿಗಳನ್ನು ಇಳಿಸಿ, ಸೆಂಟರ್ ಬೋಲ್ಟ್ ತೆಗೆದು ಒಂದೊಂದೇ ಎಲೆಯನ್ನು ಬಿಡಿಸಿ. ತೋಟದ ಜೀಪುಗಳಲ್ಲಿ ಎಲೆಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿ, ಇಡೀ ಪಟ್ಟಿ ಒಂದೇ ಕಬ್ಬಿಣದ ತುಂಡಿನಂತೆ ಆಗಿರುತ್ತದೆ. ಹಾಗಾದಾಗ ಚಕ್ರ ಗುಂಡಿಗೆ ಇಳಿಯುವುದೇ ಇಲ್ಲ, ಗಾಳಿಯಲ್ಲಿ ನಿಲ್ಲುತ್ತದೆ. ನಿಮ್ಮ ಗಾಡಿಯಲ್ಲಿರುವಂಥ ಸಾಮಾನ್ಯ ಡಿಫ್ ಇದ್ದಾಗ, ಮುಂದಿನದೊಂದು ಮತ್ತು ಹಿಂದಿನದೊಂದು ಚಕ್ರ ನೆಲ ಬಿಟ್ಟರೆ ಆ ಎರಡು ಚಕ್ರಗಳೇ ಸುಮ್ಮನೆ ತಿರುಗಿ, ಫೋರ್ ವೀಲ್ ಇದ್ದೂ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಎಲೆಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಮುರಿದದ್ದು, ಬಿರುಕು ಬಿಟ್ಟದ್ದು ಇದ್ದರೆ ಬದಲಿಸಿ, ಪಟ್ಟಿ ಕೆಲಸ ಬಲ್ಲವರಲ್ಲಿ ಕಮಾನನ್ನು ಮೂಲದ ಮಟ್ಟಕ್ಕೆ ಏರಿಸಿ, ಗ್ರ್ಯಾಫೈಟ್ ಗ್ರೀಸ್ ಸವರಿ ಜೋಡಿಸಬೇಕು. ಪಟ್ಟಿಯ ತುದಿಯ ಕೊಂಡಿಯಲ್ಲಿರುವ ಶ್ಯಾಕಲ್ ಬುಶ್‌ಗಳೂ ಪಟ್ಟಿಯನ್ನು ಆಕ್ಸಿಲ್‌ಗೆ ಬಿಗಿಯುವ ಯು ಬೋಲ್ಟ್‌ಗಳೂ ಹೊಸವೇ ಇರಲಿ. ಐನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸಿ. ಕುಗ್ಗಿ ಚಪ್ಪಟೆಯಾಗಿದ್ದ ಪಟ್ಟಿ ಮೂಲದ ಕಮಾನಿಗೆ ಬಂದರೆ ಗಾಡಿ ತಾನಾಗಿ ಎದ್ದು ನಿಲ್ಲುತ್ತದೆ. ನಿಮಗೆ ಬೇಕಾದ ಎತ್ತರದ ಒಂದು ಪಾಲು ಅಲ್ಲಿಯೇ ಸಿಕ್ಕಿಬಿಡುತ್ತದೆ.

ಪಟ್ಟಿ ಇಳಿಸಿದ ದಿನವೇ ಚಾಸಿಯ ಪರೀಕ್ಷೆಯೂ ಆಗಲಿ. ಕೊಟ್ಟಿಗೆ ಗೊಬ್ಬರ ಹೊತ್ತ ಜೀಪುಗಳ ಚಾಸಿ ಒಳಗಿನಿಂದ ತಿನ್ನಿಸಿಕೊಂಡಿರುತ್ತದೆ, ಮೇಲೆ ಬಣ್ಣ ಚೆನ್ನಾಗಿದ್ದರೂ ನಂಬಬಾರದು. ಸಣ್ಣ ಸುತ್ತಿಗೆಯಿಂದ ಅಂಗೈ ಅಗಲಕ್ಕೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿಯಿರುವಲ್ಲಿ ಸದ್ದು ಗಂಟೆಯಂತೆ ಬರುತ್ತದೆ, ಟೊಳ್ಳಾಗಿರುವಲ್ಲಿ ಸದ್ದು ಮಂದವಾಗಿ, ತುಕ್ಕಿನ ಹೊಟ್ಟು ಒಳಗೆ ಉದುರುವುದು ಕಿವಿಗೇ ಕೇಳುತ್ತದೆ. ಪಟ್ಟಿಯನ್ನು ಚಾಸಿಗೆ ತೂಗುಹಾಕುವ ಹ್ಯಾಂಗರ್ ಬೆಸೆದ ಜಾಗವನ್ನೂ ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗವನ್ನೂ ಗ್ರೀಸ್ ಒರೆಸಿ, ಬೆಳಕು ಹಿಡಿದು ನೋಡಿ. ಕೂದಲಿನಂತಹ ಬಿರುಕು ಹುಟ್ಟುವುದು ಅಲ್ಲಿಯೇ. ತೇಪೆ ಹಾಕಬೇಕಾಗಿ ಬಂದರೆ ಚಾಸಿಗೆ ನೇರ ಅಡ್ಡವಾಗಿ ವೆಲ್ಡಿಂಗ್ ಗೆರೆ ಎಳೆಯಲು ಬಿಡಬೇಡಿ, ಆ ಗೆರೆಯ ಗುಂಟ ಅದು ಮತ್ತೆ ಬಿಡುತ್ತದೆ. ತಗಡಿನ ತುದಿಗಳನ್ನು ಓರೆಯಾಗಿ ಕತ್ತರಿಸಿ ಬೆಸೆಯಬೇಕು.

ಟೈರಿನ ವಿಷಯಕ್ಕೆ ಬಂದರೆ, ಈಗಿರುವ ಅಳತೆಯಲ್ಲೇ ಆಳವಾದ ಕಚ್ಚುಗಳುಳ್ಳ, ಕೆಸರಿಗೆಂದೇ ಮಾಡಿದ ಟೈರು ಹಾಕಿಸಿ. ಮಲೆನಾಡಿನ ಜಿಗುಟು ಮಣ್ಣಿನಲ್ಲಿ ಅಗಲ ಟೈರಿಗಿಂತ ಸಪೂರ ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಆಷಾಢದಲ್ಲಿ ಚೈನ್ ಕಟ್ಟಿ ತೋಟ ಹತ್ತಿಸುವ ಹಳೆಯ ಚಾಲಕರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ನಿಮ್ಮ ಜೀಪಿನ ನಿಜವಾದ ಶಕ್ತಿ ಇರುವುದು ಟ್ರಾನ್ಸ್‌ಫರ್ ಕೇಸಿನ ಲೋ ಗೇರಿನಲ್ಲಿ. ಅದು ಚಕ್ರಕ್ಕೆ ಹೋಗುವ ಬಲವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತದೆ. ಲೋ ಗೇರು ಸಲೀಸಾಗಿ ಬೀಳುತ್ತದೆಯೇ, ಭಾರ ಬಿದ್ದಾಗ ಜಾರಿ ನ್ಯೂಟ್ರಲ್‌ಗೆ ಬರುತ್ತದೆಯೇ ಎಂಬುದನ್ನು ಮೊದಲು ನೋಡಿ. ಜಾರುವಂತಿದ್ದರೆ ಆ ಹಣ ಟೈರಿಗಲ್ಲ, ಅಲ್ಲಿಗೆ ಹೋಗಬೇಕು.

ಪ್ರಶ್ನೆ: ನನ್ನದು 1998ರ ಮಾರುತಿ ಜಿಪ್ಸಿ ಕಿಂಗ್. 205/70 ಆರ್15 ಟೈರು ತೆಗೆದು 235/75 ಆರ್15 ಹಾಕಿಸಿದ ಮೇಲೆ, ಗಂಟೆಗೆ 50-60 ಕಿಲೋಮೀಟರ್ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದರೂ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ನಡುಗುತ್ತದೆ. ಸ್ಟಿಯರಿಂಗ್ ಡ್ಯಾಂಪರ್ ಹಾಕಿದರೆ ಸರಿಹೋಗುವುದೆಂದು ಮೆಕ್ಯಾನಿಕ್ ಹೇಳುತ್ತಾರೆ. (ಬೆಂಗಳೂರಿನ ಓದುಗರು)

ಉತ್ತರ: ಡ್ಯಾಂಪರ್ ಹಾಕಿದರೆ ನಡುಕ ನಿಮ್ಮ ಕೈಗೆ ತಿಳಿಯುವುದು ಕಡಿಮೆಯಾಗುತ್ತದೆ, ಸವೆದದ್ದು ಒಳಗೆ ಸವೆಯುತ್ತಲೇ ಇರುತ್ತದೆ. ದೊಡ್ಡ ಟೈರು ಈ ರೋಗವನ್ನು ಹುಟ್ಟಿಸಿಲ್ಲ, ಮೊದಲೇ ಇದ್ದುದನ್ನು ಹೊರಗೆ ತಂದಿದೆ, ಅಷ್ಟೇ.

ಮುಂದಿನ ಆಕ್ಸಿಲನ್ನು ಜಾಕ್ ಹಾಕಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಆಟ ಕಂಡರೆ, ಇನ್ನೊಬ್ಬರಿಂದ ಬ್ರೇಕ್ ಪೆಡಲ್ ಒತ್ತಿಸಿ ಹಿಡಿದು ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ತೊಂದರೆ ಚಕ್ರದ ಬೇರಿಂಗಿನದು. ಒತ್ತಿದರೂ ನಿಲ್ಲದಿದ್ದರೆ, ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಯಾವ ಗೂಟದ ಮೇಲೆ ಹೊರಳುತ್ತದೋ ಆ ಕಿಂಗ್ ಪಿನ್‌ನ ಬೇರಿಂಗ್ ಸವೆದಿದೆ. ನೀವು ಬರೆದಿರುವ ಲಕ್ಷಣ ನೋಡಿದರೆ ಎರಡನೆಯದೇ ಇರಬೇಕೆಂದು ನನಗೆ ತೋರುತ್ತದೆ. ಜಿಪ್ಸಿಯ ಕಿಂಗ್ ಪಿನ್‌ಗಳು ಮೇಲೊಂದು ಕೆಳಗೊಂದು ಟೇಪರ್ (ಶಂಕುವಿನಾಕಾರದ) ಬೇರಿಂಗಿನ ಮೇಲೆ ಕೂರುತ್ತವೆ. ಅವುಗಳ ಬಿಗಿಯನ್ನು ಶಿಮ್ ಎಂಬ ತೆಳು ತಗಡುಗಳಿಂದ ಹೊಂದಿಸುತ್ತಾರೆ. ಬೇರಿಂಗ್ ಬದಲಿಸುವವರು ಅನೇಕ ಕಡೆ ಹಳೆಯ ಶಿಮ್‌ಗಳನ್ನೇ ಎಣಿಸದೆ ಹಾಕಿಬಿಡುತ್ತಾರೆ. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ಬಿಚ್ಚಿ, ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು, ಎಷ್ಟು ಬಲಕ್ಕೆ ನಕಲ್ (ಚಕ್ರವನ್ನು ಹೊತ್ತು ಹೊರಳುವ ಗೆಣ್ಣು) ತಿರುಗುತ್ತದೆಂದು ಅಳೆದು, ಸರ್ವಿಸ್ ಪುಸ್ತಕದ ಅಂಕಿಗೆ ಹೊಂದಿಸಿ ಜೋಡಿಸುವವರ ಬಳಿಯೇ ಈ ಕೆಲಸ ಮಾಡಿಸಿ. ಜತೆಗೆ ಟೈ ರಾಡ್ ತುದಿಗಳು, ಶ್ಯಾಕಲ್ ಬುಶ್, ಟೈರಿನ ಬ್ಯಾಲೆನ್ಸ್ ಇವನ್ನೂ ನೋಡಿ.

ಇನ್ನೊಂದು ಮಾತು. ಹೊಸ ಟೈರಿನ ವ್ಯಾಸ ಸುಮಾರು 668 ಮಿಲಿಮೀಟರಿನಿಂದ 734ಕ್ಕೆ ಏರಿದೆ, ಶೇಕಡ 10ರಷ್ಟು. ನಿಮ್ಮ ಮೀಟರು 60 ತೋರಿಸುವಾಗ ಗಾಡಿ ಓಡುತ್ತಿರುವುದು ಸುಮಾರು 66ರಲ್ಲಿ.

ಪ್ರಶ್ನೆ: ಕೊಡಗಿನಲ್ಲಿ ಪ್ರವಾಸಿಗರನ್ನು ಜೀಪಿನಲ್ಲಿ ಗುಡ್ಡ ಹತ್ತಿಸುವುದು ನನ್ನ ಜೀವನೋಪಾಯ. ಮಳೆಗಾಲದಲ್ಲಿ ಹಳ್ಳ ದಾಟಿ ಬಂದ ಮೇಲೆ ಹಿಂದಿನ ಡಿಫ್‌ನ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿರುತ್ತದೆ. ಎರಡು ಸಲ ಸೀಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಸೀಲ್ ನಿರಪರಾಧಿ. ಗುಡ್ಡ ಹತ್ತಿ ಇಳಿದ ಡಿಫ್ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿಯಾಗಿ ಹಿಗ್ಗಿರುತ್ತದೆ. ಅದೇ ಡಿಫ್ ತಣ್ಣನೆಯ ಹಳ್ಳಕ್ಕೆ ಮುಳುಗಿದ ಕ್ಷಣ ಗಾಳಿ ಕುಗ್ಗುತ್ತದೆ. ಒಳಗೆ ಉಂಟಾದ ಕೊರತೆಯನ್ನು ತುಂಬಿಕೊಳ್ಳಲು ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲೇಬೇಕು. ಅದಕ್ಕೆಂದೇ ಆಕ್ಸಿಲ್ ಕೊಳವೆಯ ಮೇಲೆ ಬ್ರೀದರ್ ಎಂಬ ಪುಟ್ಟ ಮೂಗು ಇರುತ್ತದೆ. ನಿಮ್ಮ ಗಾಡಿಯಲ್ಲಿ ಅದು ಮಣ್ಣು ಮೆತ್ತಿ ಕಟ್ಟಿಕೊಂಡಿದ್ದರೆ ನೀರು ಸೀಲಿನ ಅಂಚಿನಿಂದ ಒಳಗೆ ಹೋಗುತ್ತದೆ, ತೆರೆದಿದ್ದರೆ ಮೂಗಿನಿಂದಲೇ ಹೋಗುತ್ತದೆ.

ಪರಿಹಾರ ಸುಲಭ, ಅಗ್ಗ. ಬ್ರೀದರ್ ತೆಗೆದು, ಅದೇ ತಿರುಪಿನ ಮರೆಗೆ (ಥ್ರೆಡ್) ಹೊಂದುವ ನಿಪ್ಪಲ್ ಹಾಕಿ, ಎಣ್ಣೆಗೆ ಕರಗದ ರಬ್ಬರ್ ಪೈಪನ್ನು ಬಾಡಿಯ ಒಳಗಿನಿಂದ ಎತ್ತರಕ್ಕೆ ಒಯ್ದು, ತುದಿಯನ್ನು ಕೆಳಮುಖವಾಗಿ ಬಗ್ಗಿಸಿ, ಪುಟ್ಟ ಫಿಲ್ಟರ್ ಸಿಕ್ಕಿಸಿ ಕಟ್ಟಿ. ಚಕ್ರ ಮೇಲೆ ಕೆಳಗೆ ಆಡುವಾಗ ಎಳೆಯದಂತೆ ಪೈಪನ್ನು ಸ್ವಲ್ಪ ಸಡಿಲ ಬಿಡಬೇಕು. ಮುಂದಿನ ಆಕ್ಸಿಲ್‌ಗೂ ಹೀಗೆಯೇ ಮಾಡಿಸಿ. ಹಳ್ಳಕ್ಕೆ ಇಳಿಯುವ ಮುನ್ನ ಐದು ನಿಮಿಷ ಗಾಡಿ ನಿಲ್ಲಿಸಿ ತಣಿಯಲು ಬಿಡುವುದೂ ಒಳ್ಳೆಯದು. ಕಾಫಿ ಬಣ್ಣಕ್ಕೆ ತಿರುಗಿದ ಆಯಿಲಿನಲ್ಲಿ ಒಂದು ದಿನವೂ ಓಡಿಸಬೇಡಿ, ಏಕೆಂದರೆ ನೀರು ಬೆರೆತ ಎಣ್ಣೆ ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ. ಪ್ರತಿದಿನ ಜನರನ್ನು ಕೂರಿಸಿಕೊಂಡು ಕಡಿದಾದ ಇಳಿಜಾರಿಗೆ ಹೋಗುವವರು ನೀವು. ಆದ್ದರಿಂದ ಅದೇ ನೀರು ಬ್ರೇಕ್ ಡ್ರಮ್ಮಿಗೂ ಹೋಗಿರುತ್ತದೆಂಬುದನ್ನು ಮರೆಯದೆ, ದಡ ಹತ್ತಿದ ಕೂಡಲೇ ನಿಧಾನವಾಗಿ ಸಾಗುತ್ತಾ ಬ್ರೇಕನ್ನು ನಾಲ್ಕಾರು ಸಲ ಒತ್ತಿ ಒಣಗಿಸಿಕೊಳ್ಳಿ.

ಪ್ರಶ್ನೆ: ಮಾವನವರ ನಂತರ ಮೂಡಿಗೆರೆ ಕಡೆಯ ತೋಟವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಜೀಪನ್ನು ಫೋರ್ ವೀಲ್‌ನಲ್ಲಿಟ್ಟು ಡಾಂಬರು ರಸ್ತೆಯಲ್ಲಿ ಪೇಟೆಗೆ ಹೋಗಿಬಂದರೆ ಲಿವರ್ ಬಿಗಿದುಕೊಂಡು ಹಿಂದಕ್ಕೆ ಬರುವುದೇ ಇಲ್ಲ. ಟ್ರಾನ್ಸ್‌ಫರ್ ಕೇಸ್ ಕೆಟ್ಟಿದೆಯೇ?

ಉತ್ತರ: ಇನ್ನೂ ಕೆಟ್ಟಿಲ್ಲ, ಆದರೆ ಹೀಗೆಯೇ ಓಡಿಸಿದರೆ ಕೆಡುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಈ ಹಳೆಯ ಜೀಪುಗಳಲ್ಲಿ ಮುಂದಿನ ಹಿಂದಿನ ಶಾಫ್ಟ್‌ಗಳ ನಡುವೆ ಆ ವ್ಯತ್ಯಾಸವನ್ನು ಸರಿದೂಗಿಸುವ ಡಿಫ್ ಇಲ್ಲ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಯಾಗುತ್ತದೆ, ಡಾಂಬರಿನಲ್ಲಿ ಜಾರಲಾರದೆ ಆ ಬಿಗುವೆಲ್ಲ ಗೇರುಗಳಲ್ಲಿ ತಿರುಚಿಕೊಂಡು ಕೂರುತ್ತದೆ. ಹಾಗಾದಾಗ ಲಿವರನ್ನು ಬಲವಂತವಾಗಿ ಎಳೆಯದೆ, ನೇರವಾಗಿ ನಾಲ್ಕಾರು ಮೀಟರ್ ರಿವರ್ಸ್ ಹೋಗಿ ನೋಡಿ, ಸಡಿಲವಾಗುತ್ತದೆ. ತೋಟದ ಗೇಟು ದಾಟಿದ ಕೂಡಲೇ ಟೂ ವೀಲ್‌ಗೆ ತನ್ನಿ. ಮುಂದಿನ ಚಕ್ರಕ್ಕೆ ಫ್ರೀ ವೀಲ್ ಹಬ್ (ಚಕ್ರವನ್ನು ಶಾಫ್ಟ್‌ನಿಂದ ಬಿಡಿಸುವ ಬಿರಡೆ) ಇದ್ದರೆ ಅದನ್ನೂ ಬಿಡಿಸಿಕೊಳ್ಳಿ.

ಪ್ರಶ್ನೆ: ಮಸ್ಕತ್ತಿನಲ್ಲಿ ನನ್ನದೊಂದು ಹಳೆಯ ನಿಸಾನ್ ಪ್ಯಾಟ್ರೋಲ್ ಗಾಡಿ ಇದೆ. ಮರಳಿನಲ್ಲಿ ಟೈರಿನ ಗಾಳಿಯನ್ನು 15 ಪಿಎಸ್‌ಐಗೆ ಇಳಿಸುತ್ತೇವೆ. ಊರಿಗೆ ಬಂದಾಗ ಅಣ್ಣನ ಜಿಪ್ಸಿಯಲ್ಲಿ ಕೆಸರಿಗೂ ಹಾಗೆಯೇ ಮಾಡಬಹುದೇ?

ಉತ್ತರ: ಅಷ್ಟು ಬೇಡ. ಮರಳಿನಲ್ಲಿ ಟೈರು ಅಗಲವಾಗಿ ತೇಲಬೇಕು, ನಮ್ಮ ಕೆಸರಿನಡಿ ಕಲ್ಲು, ಬೇರು, ಕತ್ತರಿಸಿದ ಕಾಫಿ ಬೊಡ್ಡೆಗಳಿರುತ್ತವೆ. 20ರ ಹತ್ತಿರ ನಿಲ್ಲಿಸಿ, ನಿಧಾನವಾಗಿ ಓಡಿಸಿ, ರಸ್ತೆಗೆ ಬರುವ ಮುನ್ನ ಮತ್ತೆ ಗಾಳಿ ತುಂಬಿ.

ಪ್ರಶ್ನೆ: ಇಂತಹ ಮಾರ್ಪಾಡುಗಳಿಗೆ ಕಾನೂನಿನ ಅಡ್ಡಿ ಇದೆಯೇ? (ಹಾಸನದ ಓದುಗರು)

ಉತ್ತರ: ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಕಾಯ್ದೆ ಒಪ್ಪದ ಪ್ರತಿಯೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಬೀಳಬಹುದು. ಗಾಡಿಯ ಮುಂಭಾಗಕ್ಕೆ ಕಬ್ಬಿಣದ ಕಂಬಿಗಳ ಬುಲ್ ಬಾರ್ ಹಾಕುವುದರ ವಿರುದ್ಧ ಕೇಂದ್ರದ ಸೂಚನೆ 2017ರ ಡಿಸೆಂಬರಿನಿಂದಲೇ ಇದೆ. ಬಣ್ಣ ಬದಲಿಸುವುದಿದ್ದರೂ ಎಂಜಿನ್ ಬದಲಿಸುವುದಿದ್ದರೂ ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸುವಾಗ ತಪಾಸಣೆ ಇರುವುದರಿಂದ, ಕಳಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ.

ಕಾಡಿನ ವಿಷಯ ಬೇರೆಯೇ ಇದೆ. ಅನುಮತಿಯಿಲ್ಲದೆ ಮೀಸಲು ಅರಣ್ಯಕ್ಕೋ ಅಭಯಾರಣ್ಯಕ್ಕೋ ಗಾಡಿ ನುಗ್ಗಿಸುವುದು ಅಪರಾಧ. ಖಾಸಗಿ ತೋಟದಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಹಾಕಿಕೊಟ್ಟ ದಾರಿಯಲ್ಲಿ ಮಾತ್ರ ಓಡಿಸಿ. ಮಳೆಗಾಲದಲ್ಲಿ ಗುಡ್ಡದ ಹುಲ್ಲಿನ ಮೇಲೆ ಒಮ್ಮೆ ಚಕ್ರ ಕೊರೆದ ಸಾಲಿನಲ್ಲಿ ಮುಂದಿನ ಮಳೆಯ ನೀರು ಹರಿದು, ಎರಡು ವರ್ಷದಲ್ಲಿ ಅದು ಸೊಂಟದುದ್ದದ ಕೊರಕಲಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.